ಮೊದಲು ಇಳಿಯುವುದನ್ನು ಕಲಿಸುತ್ತೇವೆ

ಮೊನ್ನೆ ನಮ್ಮ ಚರ್ಚಿನ ಬಳಗದವರೊಬ್ಬರು ಫೋನ್ ಮಾಡಿದರು. ಅವರ ಭಾವನಿಗೆ ಗಂಟಲಿನ ಕ್ಯಾನ್ಸರ್ ಅಂತ ಗೊತ್ತಾಗಿದೆ, ಮುಂದಿನ ವಾರ ರೇಡಿಯೇಷನ್ನಿಗಾಗಿ ಮುಖಕ್ಕೆ ಮಾಸ್ಕ್ ಮಾಡಿಸಲು ಕರೆದಿದ್ದಾರೆ, ನೀವು ಒಮ್ಮೆ ಮಾತಾಡಿ ಧೈರ್ಯ ಹೇಳಬೇಕು ಎಂದರು. ಧೈರ್ಯ ಹೇಳುವಷ್ಟು ಉಗುಳು ನನ್ನ ಬಾಯಲ್ಲಿ ಈಗ ಹುಟ್ಟುವುದಿಲ್ಲ. ನಾಲ್ಕು ಮಾತಾಡಿದರೆ ಒಂದು ಗುಟುಕು ನೀರು, ಮತ್ತೆ ನಾಲ್ಕು ಮಾತು, ಮತ್ತೆ ನೀರು. ಅದಕ್ಕೇ ಬರೆಯಲು ಕೂತಿದ್ದೇನೆ. ಆ ಭಾವನಿಗೂ ಆಯಿತು, ಇನ್ನು ಫೋನ್ ಮಾಡುವವರಿಗೂ ಆಯಿತು. ಅರಿಶಿನದ ಕಷಾಯ, ಮುಳ್ಳು ರಾಮಫಲದ ಎಲೆ ಮುಂತಾದವು ಇಲ್ಲಿ ಸಿಗುವುದಿಲ್ಲ. ಅದನ್ನು ಕಳಿಸುವವರು ವಾಟ್ಸಾಪಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ನನ್ನ ಹೆಸರು ವಲೇರಿಯನ್. ಎಲ್ಲರಿಗೂ ವಾಲಿ. ಊರು ಉಡುಪಿಯ ಹತ್ತಿರ, ಮನೆ ಬರ್ ದುಬೈಯಲ್ಲಿ, ಕೆಲಸ ರಾಸ್ ಅಲ್ ಖೋರ್‌ನ ಒಂದು ಗ್ಯಾರೇಜಿನಲ್ಲಿ. ಅಲ್ಲಿ ರೇಸ್ ಕಾರುಗಳನ್ನು ತಯಾರು ಮಾಡುತ್ತೇವೆ. ಎಂಜಿನ್ ನನ್ನದಲ್ಲ, ಚಕ್ರ ನನ್ನದಲ್ಲ. ಕಾರಿನೊಳಗೆ ಕೂರುವ ಮನುಷ್ಯ ಮಾತ್ರ ನನ್ನ ಪಾಲಿಗೆ. ಅವನ ಸೀಟು, ಬೆಲ್ಟು, ಹೆಲ್ಮೆಟ್ಟು, ಬೆಂಕಿ ತಗಲದ ಬಟ್ಟೆ, ಗುದ್ದಿದಾಗ ತಲೆ ಮುಂದಕ್ಕೆ ಹಾರದಂತೆ ಹೆಗಲ ಮೇಲೆ ಕೂತು ಹಿಡಿಯುವ ಕುತ್ತಿಗೆ ಪಟ್ಟಿ, ಇಷ್ಟನ್ನು ಸರಿಯಾಗಿ ಕೂರಿಸಿ ಕಳಿಸುವುದು ನನ್ನ ಕೆಲಸ.

ಈ ಕೆಲಸದಲ್ಲಿ ನಾನು ಕಂಡದ್ದೇನೆಂದರೆ, ಜೀವ ಉಳಿಸುವ ಹೊಸ ಸಾಮಾನು ಬಂದಾಗಲೆಲ್ಲ ಅದಕ್ಕೆ ಮೊದಲು ಸಿಗುವುದು ಬೈಗುಳ. ನನಗೆ ಕೆಲಸ ಕಲಿಸಿದ ಹಳೆಯ ಫೋರ್‌ಮನ್ ಹೇಳುತ್ತಿದ್ದರು, ಒಂದು ಕಾಲದಲ್ಲಿ ಡ್ರೈವರುಗಳು ಬೆಲ್ಟು ಕಟ್ಟಿಕೊಳ್ಳುವುದಕ್ಕೂ ಒಪ್ಪುತ್ತಿರಲಿಲ್ಲವಂತೆ. ಉರಿಯುವ ಕಾರಿನಲ್ಲಿ ಸಿಕ್ಕಿಬಿದ್ದು ಸಾಯುವುದಕ್ಕಿಂತ ಹೊರಗೆ ಹಾರಿ ಬೀಳುವುದೇ ಒಳ್ಳೆಯದು ಅಂತ ಅವರ ಲೆಕ್ಕ. ಆಮೇಲೆ ಗುದ್ದಿದರೂ ಒಡೆಯದ ರಬ್ಬರ್ ಚೀಲದ ಪೆಟ್ರೋಲ್ ಟ್ಯಾಂಕು ಬಂತು, ಸುಡದ ಬಟ್ಟೆ ಬಂತು, ಎರಡು ಕಡೆ ಹಿಡಿಯುತ್ತಿದ್ದ ಬೆಲ್ಟು ಆರು ಕಡೆ ಹಿಡಿಯತೊಡಗಿತು. ಕುತ್ತಿಗೆ ಪಟ್ಟಿ ಬಂದಾಗ ನಾನೇ ಇದ್ದೆ. ಎತ್ತಿನ ನೊಗ ಅಂತ ಬೈದು ಅದನ್ನು ಮೂಲೆಗೆ ಎಸೆದವರಿದ್ದರು. ತಲೆಯ ಮುಂದೆ ಟೈಟೇನಿಯಂನ ಕಮಾನು, ಅದೇ ಹ್ಯಾಲೊ, ಬಂದಾಗಲೂ ಹಾಗೆಯೇ. ಹವಾಯಿ ಚಪ್ಪಲಿಯ ಪಟ್ಟಿ ಅಂತ ನಕ್ಕರು. ಈಗ ಒಂದು ಕಾರು ಇನ್ನೊಂದರ ಮೇಲೆ ಹತ್ತಿ ಕೂತರೂ ಕೆಳಗಿನವನು ಎದ್ದು ನಡೆದು ಬರುತ್ತಾನೆ, ಯಾರೂ ನಗುವುದಿಲ್ಲ. ಇವೆಲ್ಲ ಹೆಚ್ಚಾಗಿ ಯಾರಾದರೊಬ್ಬರು ಸತ್ತ ಮೇಲೆ ಬಂದವು. ಬೆಲ್ಟು ಬಿಗಿ ಆಯಿತು ಅಂತ ಡ್ರೈವರುಗಳು ಗೊಣಗುವಾಗ ನಾನು ಇನ್ನೊಂದು ಎಳೆತ ಎಳೆಯುತ್ತಿದ್ದೆ. ಅವರ ಗೊಣಗಾಟವನ್ನು ನಾನು ಕಿವಿಗೆ ಹಾಕಿಕೊಂಡವನೇ ಅಲ್ಲ.

ಗಂಟು ಸಿಕ್ಕಿದ್ದು ಒಂದು ಹೆಲ್ಮೆಟ್ಟಿನಿಂದ. ಹೊಸ ಹೆಲ್ಮೆಟ್ಟು ಬಂದರೆ ಅದರ ಗದ್ದದ ಪಟ್ಟಿಯನ್ನು ನಾನು ನನ್ನ ತಲೆಗೇ ಹಾಕಿ ನೋಡುತ್ತೇನೆ. ಆ ದಿನ ಪಟ್ಟಿ ಎಳೆದಾಗ ಎಡಗಡೆ ದವಡೆಯ ಕೆಳಗೆ ಏನೋ ಒತ್ತಿತು. ಬಕಲ್ ಸರಿಯಿಲ್ಲ ಅಂದುಕೊಂಡು ಇನ್ನೊಂದು ಹೆಲ್ಮೆಟ್ಟು ಹಾಕಿದೆ. ಅದರಲ್ಲೂ ಒತ್ತಿತು. ಜೊತೆಗೆ ಕೆಲಸ ಮಾಡುವ ಉಳ್ಳಾಲದ ಇಕ್ಬಾಲ್ ಬೆರಳಿಟ್ಟು ನೋಡಿದ.

"ಹಲ್ಲಿನದ್ದಿರಬೇಕು ವಾಲಿಯಣ್ಣ," ಎಂದ. ಬೆರಳು ತೆಗೆಯುತ್ತ, "ಆದ್ರೂ ಒಮ್ಮೆ ತೋರಿಸಿ ಮಾರಾಯ್ರೆ," ಎಂದೂ ಸೇರಿಸಿದ.

ಆಮೇಲೆ ಶುರುವಾದದ್ದು ಕಾಯುವ ಕೆಲಸ. ಮನೆ ಹತ್ತಿರದ ಕ್ಲಿನಿಕ್ಕು, ಅಲ್ಲಿಂದ ಇನ್ನೊಂದು, ಸೂಜಿ ಚುಚ್ಚಿ ತೆಗೆದ ಪರೀಕ್ಷೆ, ಸ್ಕ್ಯಾನು, ಇನ್ಶೂರೆನ್ಸಿನವರ ಒಪ್ಪಿಗೆ. ಎಲ್ಲ ಕಡೆಯೂ ಅದೇ ತಣ್ಣನೆಯ ಎಸಿ, ಅದೇ ಉಕ್ಕಿನ ಕುರ್ಚಿಗಳು, ಗೋಡೆಯ ಟಿವಿಯಲ್ಲಿ ಶಬ್ದವಿಲ್ಲದೆ ಅಡುಗೆ ಕಾರ್ಯಕ್ರಮ. ನನ್ನ ನಂಬರು ಬರುವವರೆಗೆ ಪರದೆಯನ್ನೇ ನೋಡುತ್ತಿದ್ದೆ. ನಂಬರು ಬಂದ ಮೇಲೆ ಇನ್ನೂ ಸ್ವಲ್ಪ ತಡವಾಗಬಾರದಿತ್ತೇ ಅನಿಸುತ್ತಿತ್ತು. ನಾಲಿಗೆಯ ಬುಡದಲ್ಲಿ ಶುರುವಾಗಿ ಕುತ್ತಿಗೆಗೆ ಇಳಿದಿದೆ ಎಂದು ಡಾಕ್ಟರು ಹೇಳಿದ ದಿನ ನನ್ನ ಪಕ್ಕದಲ್ಲಿ ಹೆಂಡತಿ ಲವೀನಾ ಇದ್ದಳು. ಅವಳು ಒಂದು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೆಲಸ ಮಾಡುವವಳು, ಇಂಥ ಸುದ್ದಿ ಕೇಳಿ ಹೊರಗೆ ಬರುವವರ ಮುಖಗಳನ್ನು ದಿನಾ ನೋಡುವವಳು. ಅಳಲಿಲ್ಲ. ಮನೆಗೆ ಬಂದು ಫ್ರಿಜ್ಜಿನಲ್ಲಿದ್ದದ್ದನ್ನೆಲ್ಲ ಹೊರಗೆ ತೆಗೆದಿಟ್ಟು ಅದನ್ನು ಒರೆಸಲು ಕೂತಳು. ಮಗಳು ರಿಯಾ ಹೈಸ್ಕೂಲಿನಲ್ಲಿದ್ದಾಳೆ. ನಾವು ಕೊಂಕಣಿಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ.

"ಪಪ್ಪಾ, ಜಸ್ಟ್ ಡೂ ವಾಟ್ ದೇ ಸೇ, ಓಕೆ?" ಎಂದು ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಊರಿನಿಂದ ಅಣ್ಣ ಫೋನ್ ಮಾಡಿ ಎಲ್ಲ ಬಿಟ್ಟು ಬಾ ಎಂದ. ಅತ್ತೆ ಒಂಬತ್ತು ದಿನದ ನೊವೆನಾ ಪ್ರಾರ್ಥನೆ ಹೇಳಿಸುತ್ತೇನೆ ಎಂದರು. ಎಲ್ಲರಿಗೂ ಆಯಿತು ಆಯಿತು ಎಂದೆ. ಆಗಲೇ ಸುಸ್ತಾಗಿತ್ತು, ಚಿಕಿತ್ಸೆ ಇನ್ನೂ ಶುರುವೇ ಆಗಿರಲಿಲ್ಲ.

ಚಿಕಿತ್ಸೆ ಅಬುಧಾಬಿಯ ಆಸ್ಪತ್ರೆಯಲ್ಲಿ. ವಾರಕ್ಕೊಮ್ಮೆ ಡ್ರಿಪ್ಪಿನಲ್ಲಿ ಔಷಧಿ, ರಜೆಯ ದಿನ ಬಿಟ್ಟು ಉಳಿದೆಲ್ಲ ದಿನ ರೇಡಿಯೇಷನ್. ಈಜಿಪ್ಟಿನ ಡಾಕ್ಟರು ಸೌಮ್ಯ ಮನುಷ್ಯ. "ಇದು ಗುಣವಾಗುವ ಜಾತಿ. ಆದರೆ ಶುರು ಮಾಡಿದ ಮೇಲೆ ನಡುವೆ ತಪ್ಪಿಸಬಾರದು. ನಾವು ಬಿಡುವು ಕೊಟ್ಟರೆ ಅದು ಆ ಬಿಡುವಿನಲ್ಲಿ ಬೆಳೆಯುತ್ತದೆ," ಎಂದು ಎರಡು ಸಲ ಹೇಳಿದರು. ಇಕ್ಕಟ್ಟಿನ ಜಾಗದಲ್ಲಿ ಭಯವಾಗುತ್ತದೆಯೇ ಎಂದು ನರ್ಸ್ ಕೇಳಿದಾಗ ನಕ್ಕುಬಿಟ್ಟೆ. ಜನರನ್ನು ಕಟ್ಟಿ ಕೂರಿಸುವುದೇ ನನ್ನ ಕಸುಬು ಎಂದೆ.

ಮಾಸ್ಕ್ ಮಾಡಿದ ದಿನ ನಿಜವಾಗಿಯೂ ಭಯವಾಗಲಿಲ್ಲ. ಬಿಸಿನೀರಿನಲ್ಲಿ ಮೆತ್ತಗಾದ ತೂತು ತೂತಿನ ಪ್ಲಾಸ್ಟಿಕ್ ಹಾಳೆಯನ್ನು ತಂದು ಮುಖದ ಮೇಲೆ ಹಾಸಿ, ಮೂಗು, ಗದ್ದ, ಹೆಗಲಿನವರೆಗೆ ಒತ್ತುತ್ತಾರೆ. ತಣ್ಣಗಾಗುತ್ತ ಅದು ನಮ್ಮ ಆಕಾರಕ್ಕೇ ಗಟ್ಟಿಯಾಗುತ್ತದೆ. ನಾವು ರೇಸ್ ಸೀಟು ಮಾಡುವುದೂ ಹೀಗೆಯೇ. ಸೀಟಿನಲ್ಲಿ ಪ್ಲಾಸ್ಟಿಕ್ ಚೀಲ ಇಟ್ಟು, ಎರಡು ದ್ರಾವಣ ಬೆರೆಸಿ ಸುರಿದು, ಮೇಲೆ ಡ್ರೈವರನ್ನು ಕೂರಿಸಿದರೆ ನೊರೆ ಉಬ್ಬಿ ಅವನ ಬೆನ್ನಿನ ಅಚ್ಚಾಗಿ ಗಟ್ಟಿಯಾಗುತ್ತದೆ. ಅದನ್ನು ನಾನು ಅಲ್ಲಿದ್ದ ಸಿಂಧು ಎಂಬ ಮಲಯಾಳಿ ಟೆಕ್ನಿಷಿಯನ್ನಿಗೆ ಹೇಳಿದೆ. ಮೊದಲೆಲ್ಲ ತಲೆಯ ಎರಡೂ ಬದಿಗೆ ಮರಳಿನ ಚೀಲ ಇಟ್ಟು, ಹಣೆಗೆ ಟೇಪು ಹಚ್ಚಿ ಮಲಗಿಸುತ್ತಿದ್ದರಂತೆ ಎಂದು ಅವಳು ಹೇಳಿದಳು. ತಲೆ ಸ್ವಲ್ಪ ಅಲ್ಲಾಡಿದರೂ ಬೇಡದ ಕಡೆ ಕಿರಣ ತಾಗಿ ಎಷ್ಟೋ ಜನರ ಬಾಯಿ ಪೂರ್ತಿ ಒಣಗಿಹೋಗುತ್ತಿತ್ತಂತೆ. ಅಂಥವರ ದೆಸೆಯಿಂದ ನನಗೆ ಈ ಮಾಸ್ಕು ಸಿಕ್ಕಿದೆ ಅಂತ ಆಗ ಅನಿಸಿತು. ಮಾತು ಮುಗಿಸಿ ನಗುತ್ತಲೇ ಹೊರಗೆ ಬಂದೆ.

ಮೊದಲ ದಿನದ ಚಿಕಿತ್ಸೆಗೆ ಮಲಗಿಸಿ, ಮಾಸ್ಕ್ ಹಾಕಿ, ಅದನ್ನು ಕೆಳಗಿನ ಹಲಗೆಗೆ ಸೇರಿಸಿ ಸುತ್ತಲೂ ಕ್ಲಿಪ್ ಒತ್ತಿದರು. ಒಂದೊಂದು ಕ್ಲಿಪ್ಪಿನ ಸದ್ದೂ ತಲೆಬುರುಡೆಯೊಳಗೇ ಕೇಳಿತು. ಕಣ್ಣು ಬಿಡಲಾಗಲಿಲ್ಲ, ಬಾಯಿ ತೆರೆಯಲಾಗಲಿಲ್ಲ, ಉಗುಳು ನುಂಗಲು ಹೋದರೆ ಗಂಟಲು ಪ್ಲಾಸ್ಟಿಕ್ಕಿಗೆ ಒತ್ತಿತು. ಸಿಂಧು ಹೊರಗೆ ಹೋಗಿ ದಪ್ಪ ಬಾಗಿಲು ಮುಚ್ಚುವ ಸದ್ದು ಕೇಳಿದ ಕೂಡಲೇ ನನಗೆ ಏನಾಯಿತೋ ಗೊತ್ತಿಲ್ಲ. ಕೈಕಾಲು ಬಡಿದೆ. ಗಂಟಲಿನಿಂದ ಬಂದ ಸದ್ದು ನನ್ನದೆಂದು ನನಗೇ ಗುರುತು ಸಿಗಲಿಲ್ಲ. ಓಡಿ ಬಂದು ಬಿಚ್ಚಿದರು. ಸ್ವಲ್ಪ ಹೊತ್ತು ಕೂರಿಸಿ ನೀರು ಕೊಟ್ಟು ಮತ್ತೆ ಹಾಕಿದರು, ಮತ್ತೆ ಅದೇ ಆಯಿತು. ಮರುದಿನ ಮಾತ್ರೆ ಕೊಟ್ಟು ಮಲಗಿಸಿದರು. ಮಾತ್ರೆಯ ಮಂಪರಿನಲ್ಲಿಯೂ ಭಯ ಎಚ್ಚರವಾಗಿಯೇ ಇತ್ತು. ಆ ದಿನವೂ ವ್ಯರ್ಥವಾಯಿತು. ಹೀಗಾದರೆ ದಿನಾ ಅರಿವಳಿಕೆ ಕೊಡುವ ಬಗ್ಗೆ ಯೋಚಿಸಬೇಕಾಗುತ್ತದೆ, ಅದು ಸುಲಭವಲ್ಲ, ಎಲ್ಲ ತಡವಾಗುತ್ತದೆ ಎಂದು ಡಾಕ್ಟರು ಹೇಳಿದರು.

ಹೊರಗೆ ಕಾಯುವ ಕುರ್ಚಿಗಳಲ್ಲಿ ನನ್ನ ಸರದಿಯ ಮುಂಚಿನವನು ಒಬ್ಬ ಪಠಾಣ, ಟ್ಯಾಕ್ಸಿ ಓಡಿಸುವವನು. ಚಿಕಿತ್ಸೆ ಮುಗಿಸಿ ಬಂದಾಗ ಅವನ ಕೆನ್ನೆ, ಹಣೆಯ ಮೇಲೆಲ್ಲ ಮಾಸ್ಕಿನ ಜಾಲರಿ ಒತ್ತಿ ಮೂಡಿರುತ್ತಿತ್ತು. ನನ್ನನ್ನು ನೋಡಿ, "ಆಂಖ್ ಬಂದ್ ರಖೋ ಭಾಯಿ, ಫಿರ್ ಖಲಾಸ್," ಎಂದ. ಕಣ್ಣು ಮುಚ್ಚಿಕೊಂಡರೆ ಮುಗಿಯಿತಂತೆ. ಅವನ ಮೇಲೆ ಸಿಟ್ಟು ಬಂತು. ಜೀವಮಾನವಿಡೀ ಬೇರೆಯವರ ಬೆಲ್ಟು ಎಳೆದ ಮನುಷ್ಯ ನಾನು, ನನಗೇ ಆಗುತ್ತಿಲ್ಲವಲ್ಲ ಎಂಬ ನಾಚಿಕೆ ಆ ಸಿಟ್ಟಿನ ಕೆಳಗಿತ್ತು.

ಆ ದಿನ ಹಿಂತಿರುಗುವಾಗ ಲವೀನಾ ಕಾರು ಓಡಿಸುತ್ತಿದ್ದಳು. ಡ್ರಿಪ್ಪು ಶುರುವಾದ ಮೇಲೆ ನನಗೆ ಸ್ಟಿಯರಿಂಗ್ ಮುಟ್ಟಲು ಬಿಡುತ್ತಿರಲಿಲ್ಲ. ಬೆಳಗ್ಗೆ ಅಬುಧಾಬಿ, ಮಧ್ಯಾಹ್ನ ವಾಪಸ್, ಆಮೇಲೆ ಅವಳ ಡ್ಯೂಟಿ. ಅರ್ಧ ದಾರಿಯ ಘಂತೂತ್ ದಾಟಿದ ಮೇಲೆ ಅವಳು ರೇಡಿಯೋ ಆರಿಸಿದಳು.

"ಒಂದು ಕೇಳ್ತೇನೆ," ಎಂದಳು. "ನಿನ್ನ ಗ್ಯಾರೇಜಿಗೆ ಹೆದರುವವನೊಬ್ಬ ಬಂದ್ರೆ ಅವನನ್ನು ಹೇಗೆ ಕಟ್ಟಿ ಕೂರಿಸ್ತೀ?"

"ಕಟ್ಟುವುದೇ ಇಲ್ಲ."

"ಮತ್ತೆ?"

"ಮೊದಲು ಇಳಿಯುವುದನ್ನು ಕಲಿಸ್ತೇವೆ. ಬಕಲ್ ತಿರುಗಿಸುವುದು, ಸ್ಟಿಯರಿಂಗ್ ಕಳಚುವುದು, ಹೊರಗೆ ಬರುವುದು. ಕಣ್ಣು ಮುಚ್ಚಿಕೊಂಡು ಮಾಡುವಷ್ಟು ಅಭ್ಯಾಸ ಆಗ್ಬೇಕು. ಅದಾದ ಮೇಲೆಯೇ ಬೆಲ್ಟು ಬಿಗಿಯುವುದು. ಇಳಿಯಲು ಬಾರದವನನ್ನು ರೇಸಿಗೇ ಬಿಡುವುದಿಲ್ಲ, ರೂಲು ಉಂಟು."

"ನಿನಗೆ ಯಾರಾದ್ರೂ ಇಳಿಯುವುದನ್ನು ಕಲಿಸಿದ್ರಾ?"

ಅದು ಆಸ್ಪತ್ರೆ, ಗ್ಯಾರೇಜಲ್ಲ, ಅಲ್ಲಿ ಹೋಗಿ ನನ್ನ ಪಾಠ ಹೇಳಲಾಗುತ್ತದೆಯೇ ಎಂದೆ.

"ನೀನು ಹೇಳ್ಬೇಡ. ನಾನು ಹೇಳ್ತೇನೆ," ಎಂದಳು. ಗಂಡನ ಮಾನ ಕಾಪಾಡುವುದರಲ್ಲಿ ಅವಳು ಎಂದೂ ಅಷ್ಟು ಆಸಕ್ತಿ ಇದ್ದವಳಲ್ಲ.

ಮರುದಿನ ಅವಳು ಸಿಂಧುವಿಗೆ ಎಲ್ಲ ಹೇಳುವಾಗ ನಾನು ನೆಲ ನೋಡುತ್ತ ನಿಂತಿದ್ದೆ. ಸಿಂಧು ನಗುತ್ತಾಳೇನೋ ಅಂದುಕೊಂಡಿದ್ದೆ. ಅವಳು ನಗಲಿಲ್ಲ. "ಒಳ್ಳೆಯದಾಯ್ತು ಹೇಳಿದ್ದು. ಒಬ್ಬೊಬ್ಬರ ಭಯ ಒಂದೊಂದು ಕಡೆ ಇರ್ತದೆ. ನಿಮ್ಮದು ಎಲ್ಲಿದೆ ಅಂತ ನಮಗೆ ಗೊತ್ತಾಗ್ಲಿಲ್ಲ," ಎಂದಳು. ಊಟದ ವೇಳೆಗೆ ಮೆಷಿನ್ ಖಾಲಿಯಿರುತ್ತದೆ, ಆಗ ಬನ್ನಿ ಎಂದಳು. ತನ್ನ ಊಟ ಬಿಟ್ಟು ಬಂದಳು.

ಮೊದಲು ಯಾರೂ ಇಲ್ಲದ ಹಲಗೆಗೆ ನಾನೇ ಮಾಸ್ಕ್ ಕ್ಲಿಪ್ ಮಾಡಿದೆ, ನಾನೇ ಬಿಚ್ಚಿದೆ. ಕ್ಲಿಪ್ಪು ಯಾವ ಕಡೆಗೆ ತೆರೆದುಕೊಳ್ಳುತ್ತದೆ, ಎಷ್ಟು ಬಲ ಬೇಕು, ಬೆರಳಿಗೆ ತಿಳಿಯುವವರೆಗೆ ಹಾಗೆಯೇ ಮಾಡಿದೆ. ಆಮೇಲೆ ಮಲಗಿ, ಮಾಸ್ಕ್ ಹಾಕಿಸಿಕೊಂಡು, ಎರಡೇ ಕ್ಲಿಪ್ ಒತ್ತಿಸಿ, ಕೈ ಎತ್ತಿದೆ. ಪಕ್ಕದಲ್ಲೇ ನಿಂತಿದ್ದ ಸಿಂಧು ತೆಗೆದಳು. ಮುಂದಿನ ಸಲ ಎಲ್ಲ ಕ್ಲಿಪ್ಪು. ಅದರ ಮುಂದಿನ ಸಲ ಅವಳು ಬಾಗಿಲ ಹತ್ತಿರ. ಕೊನೆಗೆ ಬಾಗಿಲು ಮುಚ್ಚಿ, ಅವಳು ಹೊರಗೆ ಕ್ಯಾಮೆರಾದ ಪರದೆಯ ಮುಂದೆ. ನಾನು ಕೈ ಎತ್ತಿದೆ. ಬಾಗಿಲು ತೆರೆಯುವ ಸದ್ದು, ಓಡುವ ಹೆಜ್ಜೆ, ಕ್ಲಿಪ್ಪುಗಳು, ಗಾಳಿ. "ಇನ್ನೊಮ್ಮೆ," ಎಂದೆ. ಅವಳು ಇನ್ನೊಮ್ಮೆ ಹೊರಗೆ ಹೋದಳು. ಎಷ್ಟು ಸಲ ಅಂತ ನೆನಪಿಲ್ಲ, ಕೊನೆಕೊನೆಗೆ ಅವಳಿಗೆ ಏದುಸಿರು ಬರುತ್ತಿತ್ತು. ಆ ದಿನವೇ ನನಗೆ ಮೊದಲ ಚಿಕಿತ್ಸೆ ಆಯಿತು. ಮೆಷಿನ್ನು ಗುಂಯ್ಗುಡುತ್ತ ತಲೆಯ ಸುತ್ತ ತಿರುಗುವಾಗ ಎದೆ ಬಡಿದುಕೊಳ್ಳುತ್ತಲೇ ಇತ್ತು, ಕೈ ಮಾತ್ರ ಎತ್ತಲಿಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಭಯ ಕಡಿಮೆಯಾದ ಮೇಲೆ ಅದರ ಜಾಗಕ್ಕೆ ನೋವು ಬಂತು. ಮೊದಲು ರುಚಿ ಹೋಯಿತು, ಮೀನುಸಾರೂ ಒಂದೇ, ಬಿಸಿನೀರೂ ಒಂದೇ. ಆಮೇಲೆ ಬಾಯಿಯೊಳಗೆಲ್ಲ ಹುಣ್ಣು. ಅಂಟಿನಂಥ ಕಫ. ಕುತ್ತಿಗೆಯ ಚರ್ಮ ಸುಟ್ಟು ಕಪ್ಪಾಯಿತು. ಲವೀನಾ ಗಂಜಿಯನ್ನು ಮಿಕ್ಸಿಗೆ ಹಾಕಿ, ಸೋಸಿ, ಮತ್ತೆ ಮಿಕ್ಸಿಗೆ ಹಾಕಿ ತರುತ್ತಿದ್ದಳು. ಅದನ್ನು ನೋಡಿದರೇ ಕಣ್ಣಲ್ಲಿ ನೀರು ಬರುತ್ತಿತ್ತು. ಇಳಿದದ್ದು ಒಂದು ಲಬನ್ ಮಾತ್ರ. ಚಿಕಿತ್ಸೆ ಮುಗಿಸಿ ಹಮ್ದಾನ್ ಸ್ಟ್ರೀಟಿನ ಬದಿಯಲ್ಲಿ ಕಾರು ನಿಲ್ಲಿಸಿ, ಅಂಗಡಿಯಿಂದ ತಣ್ಣನೆಯ ಲಬನ್ ಬಾಟಲಿ ತಂದು ಕೊಡುತ್ತಿದ್ದಳು. ನಮ್ಮೂರಿನ ಮಜ್ಜಿಗೆಯ ಅಕ್ಕನಂತಿರುವ ಅದನ್ನು ಸಣ್ಣ ಸಣ್ಣ ಗುಟುಕಾಗಿ ಕುಡಿಯುವುದೇ ನನ್ನ ದಿನದ ಊಟ. ಇಕ್ಬಾಲ್ ಒಂದು ಶುಕ್ರವಾರ ಎಳನೀರು ಹೊತ್ತುಕೊಂಡು ಬಂದ. ಗ್ಯಾರೇಜಿನ ಸುದ್ದಿ ಹೇಳಲು ಶುರುಮಾಡಿ, ನನ್ನ ಮುಖ ನೋಡಿ ನಡುವೆ ನಿಲ್ಲಿಸಿದ. ಹೋಗುವಾಗ ಬಾಗಿಲ ಬಳಿ ಲವೀನಾಳ ಹತ್ತಿರ, "ಅಕ್ಕ, ನೀವೂ ಏನಾದ್ರೂ ತಿನ್ನಿ," ಎಂದದ್ದು ನನಗೆ ಕೇಳಿಸಿತು. ಆ ದಿನ ಅವಳನ್ನು ಸರಿಯಾಗಿ ನೋಡಿದೆ. ಅವಳ ಕಣ್ಣಿನ ಕೆಳಗೂ ಕಪ್ಪಾಗಿತ್ತು.

ಹೀಗೆ ಮುಕ್ಕಾಲು ದಾರಿ ಬಂದಾಗ ಸಿಂಧು ಮಾಸ್ಕಿನ ಅಂಚಿಗೆ ಬೆರಳು ತೂರಿಸಿ ನೋಡಿ ಡಾಕ್ಟರನ್ನು ಕರೆದಳು. ನಾನು ಅಷ್ಟು ಇಳಿದುಹೋಗಿದ್ದೆ. ಮಾಸ್ಕಿನೊಳಗೆ ಮುಖ ಅಲ್ಲಾಡುತ್ತಿತ್ತು. ಹೊಸ ಅಚ್ಚು ತೆಗೆಯಬೇಕು, ಹೊಸ ಸ್ಕ್ಯಾನು, ಎಲ್ಲ ಮೊದಲಿನಿಂದ ಎಂದರು. ಸಡಿಲವಾದ ಬೆಲ್ಟು ಏನು ಮಾಡುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಒಳಗೆ ಏನೋ ಕಳಚಿಬಿತ್ತು. ಸುಟ್ಟ ಕುತ್ತಿಗೆಯ ಮೇಲೆ ಮತ್ತೆ ಆ ಬಿಸಿ ಹಾಳೆ ಒತ್ತುತ್ತಾರೆಂಬುದನ್ನು ನೆನೆಯಲೂ ಆಗಲಿಲ್ಲ.

ಮರುದಿನ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಕಾರು ನಿಂತ ಮೇಲೆ ನಾನು ಇಳಿಯಲಿಲ್ಲ.

"ಖಲಾಸ್," ಎಂದೆ. ಮಾತು ಬರುತ್ತಿರಲಿಲ್ಲ, ಬರೀ ಗಾಳಿ. "ಸಾಕು ಲವೀ. ಇಷ್ಟು ದಿನ ಆದದ್ದು ಸಾಕು. ಉಳಿದರೆ ಉಳಿದೆ."

ರಿಯಾಳ ಹೆಸರು ಹೇಳಿ ಅಳುತ್ತಾಳೆ, ಬೈಯುತ್ತಾಳೆ, ಡಾಕ್ಟರು ಎರಡು ಸಲ ಹೇಳಿದ್ದನ್ನು ಮೂರನೆಯ ಸಲ ಹೇಳುತ್ತಾಳೆ ಅಂತ ಕಾದೆ. ಅವಳು ಎಂಜಿನ್ ಆರಿಸಲಿಲ್ಲ. ಎಸಿ ಓಡುತ್ತಲೇ ಇತ್ತು. ಸ್ಟಿಯರಿಂಗಿನ ಮೇಲೆ ಹಣೆಯಿಟ್ಟಳು.

"ನನಗೂ ಸಾಕಾಗಿದೆ," ಎಂದಳು. "ಬೆಳಗ್ಗೆ ಏಳುವಾಗ ಇವತ್ತು ಆಗುವುದಿಲ್ಲ ಅಂತಲೇ ಏಳುವುದು. ನಿನಗೆ ಹೇಳ್ಲಿಲ್ಲ ಅಷ್ಟೇ."

ಆಮೇಲೆ ಬಗ್ಗಿ ನನ್ನ ಬೆಲ್ಟಿನ ಬಕಲ್ ಒತ್ತಿದಳು. ಬೆಲ್ಟು ಸರ್ರನೆ ಹಿಂದಕ್ಕೆ ಹೋಯಿತು. ಕೈ ಚಾಚಿ ನನ್ನ ಕಡೆಯ ಬಾಗಿಲನ್ನೂ ತೆರೆದಳು.

"ಬಿಚ್ಚಿದ್ದೇನೆ. ಕಟ್ಟಿಕೊಂಡು ಕರೆದುಕೊಂಡು ಹೋಗ್ಲಿಕ್ಕೆ ನನ್ನಿಂದ ಆಗುವುದಿಲ್ಲ. ಇಳಿದ್ರೆ ನಾನೂ ಇಳಿತೇನೆ. ಇಳಿಯದಿದ್ರೆ ಮನೆಗೆ ಹೋಗುವಾ. ನಿನ್ನ ಮೇಲೆ ಸಿಟ್ಟು ಮಾಡುವುದಿಲ್ಲ, ದೇವರಾಣೆ."

ಅವಳು ನಿಜವಾಗಿ ಹೇಳುತ್ತಿದ್ದಳು, ನನಗೆ ಗೊತ್ತಾಯಿತು. ಅಲ್ಲಿಯವರೆಗೆ ಎಲ್ಲರೂ ನನ್ನನ್ನು ಹಿಂದಿನಿಂದ ದೂಡುತ್ತಿದ್ದರು, ದೂಡಿದಷ್ಟೂ ನಾನು ಕಾಲು ಊರುತ್ತಿದ್ದೆ. ಈಗ ದೂಡುವವರಿಲ್ಲ. ಬಾಗಿಲು ತೆರೆದಿತ್ತು, ಹೊರಗಿನ ಬಿಸಿಗಾಳಿ ಕಾಲಿಗೆ ತಾಗುತ್ತಿತ್ತು. ಸುಮಾರು ಹೊತ್ತು ಕೂತೆವು. ಪಠಾಣ ತನ್ನ ಚಿಕಿತ್ಸೆ ಮುಗಿಸಿ ಜಾಲರಿ ಮುಖದಲ್ಲಿ ನಮ್ಮ ಕಾರಿನ ಮುಂದೆಯೇ ಹಾದುಹೋದ, ನಮ್ಮನ್ನು ನೋಡಲಿಲ್ಲ. ಈಗ ನನ್ನ ಸರದಿ, ಒಳಗೆ ಸಿಂಧು ಕಾಯುತ್ತಿರುತ್ತಾಳೆ ಎಂದಷ್ಟೇ ತಲೆಗೆ ಬಂತು. ಧೈರ್ಯ ಗೀರ್ಯ ಏನೂ ಬರಲಿಲ್ಲ. ಕಾಲು ಹೊರಗೆ ಇಟ್ಟೆ. ಆ ಕಡೆಯ ಬಾಗಿಲು ತೆರೆದ ಸದ್ದೂ ಕೇಳಿತು.

ಹೊಸ ಮಾಸ್ಕ್ ಹಾಕುವಾಗ ಕುತ್ತಿಗೆ ಉರಿದು ಕಣ್ಣೀರು ಕಿವಿಗೆ ಇಳಿಯಿತು. ಸಿಂಧು ಅದನ್ನು ಒರೆಸಿದಳು. ಉಳಿದ ದಿನಗಳು ಒಂದರ ಹಿಂದೆ ಒಂದು ಸವೆದವು. ಕೊನೆಯ ದಿನ ಹಬ್ಬವೇನೂ ಆಗಲಿಲ್ಲ. ಮನೆಗೆ ಬಂದು ಮಲಗಿದೆ. ನೋವು ಇನ್ನೂ ಕೆಲವು ವಾರ ಏರುತ್ತಲೇ ಇತ್ತು, ಯಾರೂ ಅದನ್ನು ಮೊದಲೇ ಸರಿಯಾಗಿ ಹೇಳಿರಲಿಲ್ಲ, ಅದಕ್ಕೆ ನಾನು ಇಲ್ಲಿ ಹೇಳುತ್ತಿದ್ದೇನೆ. ನಂತರ ನಿಧಾನವಾಗಿ ಇಳಿಯಿತು. ಮೊದಲು ತಿರುಗಿ ಬಂದ ರುಚಿ ಉಪ್ಪಿನದು. ಈಗ ಗ್ಯಾರೇಜಿಗೆ ಅರ್ಧ ದಿನ ಹೋಗುತ್ತೇನೆ. ಡ್ರೈವರುಗಳು ಗೊಣಗಿದರೆ ಕೈ ನಿಲ್ಲಿಸಿ ಕೇಳುತ್ತೇನೆ. ಕೇಳಿದ ಮೇಲೆ ಬಿಗಿಯುವುದಂತೂ ಬಿಗಿಯುತ್ತೇನೆ.

ಚಿಕಿತ್ಸೆ ಮುಗಿದು ಮೂರು ತಿಂಗಳ ಮೇಲೆ ಸ್ಕ್ಯಾನು ಮಾಡಿಸಿ, ಅದರ ಫಲಿತಾಂಶ ಕೇಳಲು ಅಬುಧಾಬಿಗೆ ಹೋದೆವು. ಡಾಕ್ಟರು ಪರದೆಯನ್ನು ನಮ್ಮ ಕಡೆ ತಿರುಗಿಸಿ, ಕಾಣುವುದಕ್ಕೆ ಏನೂ ಉಳಿದಿಲ್ಲ, ಇನ್ನು ಕೆಲವು ವರ್ಷ ನೋಡುತ್ತಿರಬೇಕು, ಆದರೆ ಇವತ್ತು ಏನೂ ಇಲ್ಲ ಎಂದರು. ಲವೀನಾ ಥ್ಯಾಂಕ್ಯೂ ಎಂದಳು. ಪಾರ್ಕಿಂಗಿಗೆ ಬಂದು ಅವಳು ಬೀಗದ ಕೈ ನನ್ನ ಕೈಗೆ ಕೊಟ್ಟಳು.

"ಇವತ್ತು ನೀನು ಓಡಿಸು," ಎಂದಳು.

ಊರಿನಾಚೆ ಹೆದ್ದಾರಿ ಸೇರುವ ಮುಂಚೆಯೇ ಅವಳಿಗೆ ನಿದ್ದೆ ಬಂದಿತ್ತು. ಬಾಯಿ ತೆರೆದುಕೊಂಡು, ತಲೆ ಕಿಟಕಿಗೆ ಒರಗಿಸಿ, ಸಣ್ಣಗೆ ಗೊರಕೆ ಹೊಡೆಯುತ್ತ ಮಲಗಿದ್ದಳು. ನಮ್ಮ ಮದುವೆಯಾದಾಗಿನಿಂದ ಅವಳು ಕಾರಿನಲ್ಲಿ ಮಲಗಿದ್ದನ್ನು ನಾನು ನೋಡಿರಲಿಲ್ಲ, ನನ್ನ ಓಡಿಸುವಿಕೆಯ ಮೇಲೆ ಅವಳಿಗೆ ನಂಬಿಕೆಯೇ ಇಲ್ಲ. ಜೆಬೆಲ್ ಅಲಿ ದಾಟಿತು, ಎತ್ತರದ ಕಟ್ಟಡಗಳು ಶುರುವಾದವು, ಅವಳು ಏಳಲಿಲ್ಲ. ಬರ್ ದುಬೈಗೆ ತಿರುಗುವ ಎಕ್ಸಿಟ್ ಹತ್ತಿರ ಬಂದಾಗ ಇಂಡಿಕೇಟರ್ ಹಾಕಿದೆ. ಮನೆ ಬಂದರೆ ಎಬ್ಬಿಸಬೇಕಾಗುತ್ತದೆ. ಇಂಡಿಕೇಟರ್ ತೆಗೆದು ನೇರ ಹೋದೆ. ಸೇತುವೆ ದಾಟಿ, ಶಾರ್ಜಾ ರಸ್ತೆಯ ಸಾಲಿನಲ್ಲಿ ಸಿಕ್ಕಿಕೊಂಡು, ಬ್ರೇಕು ಸದ್ದಾಗದಂತೆ ಒತ್ತುತ್ತ, ನೀರು ಕುಡಿಯುತ್ತ, ಈ ಟ್ರಾಫಿಕ್ಕು ಇನ್ನೂ ಸ್ವಲ್ಪ ಹೊತ್ತು ಹೀಗೆಯೇ ಇರಲಿ ದೇವರೇ ಎಂದುಕೊಂಡು ಕೂತೆ.